ಹಡಗಿನವರು ಒಯ್ದ ಬಿಲ್ಲೆ

ಗಣಿಯ ಟೈಮ್ ಆಫೀಸಿಗೆ ಹೊಸದಾಗಿ ಸೇರಿದವರು ಇಬ್ಬರು ಮೊನ್ನೆ ಮನೆಗೆ ಬಂದು, "ಮೂವತ್ತೊಂದು ವರ್ಷ ಅಲ್ಲಿ ಕೂತಿದ್ದಿರಿ, ಕೆಲಸ ಎಂಥದ್ದು ಅಂತ ನಾಲ್ಕು ಮಾತು ಬರೆದುಕೊಡಿ" ಎಂದು ಕೇಳಿದರು. ಕೂತಿದ್ದಿರಿ ಎಂಬ ಮಾತು ನನಗೆ ಹಿಡಿಸಿತು. ಬೇರೆಯವರು ಸೇವೆ ಸಲ್ಲಿಸಿದಿರಿ ಎನ್ನುತ್ತಾರೆ, ಅದು ಸುಳ್ಳು. ನೆಲದೊಳಗೆ ಇಳಿದವರು ದುಡಿದರು, ನಾನು ಮೇಲೆ ಕೂತು ಅವರನ್ನು ಎಣಿಸಿದೆ. ನನಗೆ ಸೊಂಟ ಹಿಡಿದದ್ದಕ್ಕೂ ಬೇಸರ ಹಿಡಿದದ್ದಕ್ಕೂ ಅದೊಂದೇ ಕಾರಣ.

ಯಾವ ಗಣಿ ಎಂದು ಹೇಳುವುದಿಲ್ಲ. ಊರಿಗಾಮಿನಿಂದ ಮಾರಿಕುಪ್ಪಂವರೆಗೆ ತಲೆಯೆತ್ತಿ ನಿಂತ ಶಾಫ್ಟುಗಳಲ್ಲಿ ಒಂದು ಎಂದುಕೊಳ್ಳಿ. ಬೂದಿಕೋಟೆ ಕಡೆಯ ರಾಗಿ ಹೊಲದಿಂದ ಅಕ್ಷರ ಕಲಿತು ಎದ್ದುಬಂದ ನಾನು ಅಲ್ಲಿ ಹೇಗೆ ಸೇರಿದೆ, ಯಾವಾಗ ಬಡ್ತಿ ಬಂತು ಎಂಬುದನ್ನೂ ಬರೆಯುವುದಿಲ್ಲ. ಅದನ್ನು ಓದಿ ಯಾರಿಗೂ ಪ್ರಯೋಜನವಿಲ್ಲ. ಬಂದಾಗ ನನಗೂ ಆಗಲಿಲ್ಲ.

ನಿಮ್ಮ ಕೆಲಸದ ವೇದ, ಶಾಸ್ತ್ರ, ಪುರಾಣ ಎಲ್ಲವೂ ಒಂದೇ: ಬಿಲ್ಲೆ. ಅಂಗೈಯ ಗುಳಿಯಲ್ಲಿ ಕೂರುವಷ್ಟು ಅಗಲದ ಹಿತ್ತಾಳೆ ಚಕ್ರ, ಅದರ ಮೇಲೆ ಕೊರೆದ ಒಂದು ಸಂಖ್ಯೆ. ಆಳು ಮೇಲಿರುವಾಗ ಅದು ನಮ್ಮ ಹಲಗೆಯ ಮೊಳೆಯಲ್ಲಿ ತೂಗುತ್ತಿರುತ್ತದೆ. ಇಳಿಯುವಾಗ ನಾವು ತೆಗೆದು ಅವನ ಕೈಗೆ ಕೊಡುತ್ತೇವೆ. ಪಾಳಿ ಮುಗಿಸಿ ಹತ್ತಿ ಬಂದು, ಝಡತಿ ಮನೆಯಲ್ಲಿ ಬಟ್ಟೆ ಬಿಚ್ಚಿ, ಬಾಯಿ ತೆರೆದು, ತಲೆಗೂದಲು ಕೆದರಿಸಿಕೊಂಡು, ಮೈಮೇಲೆ ಚಿನ್ನದ ಕಲ್ಲು ಇಲ್ಲವೆಂದು ಸಾಬೀತಾದ ಮೇಲೆ ಅವನು ಅದನ್ನು ತಂದು ಒಪ್ಪಿಸುತ್ತಾನೆ. ಮೊಳೆ ಖಾಲಿ ಇದ್ದರೆ ಎರಡೇ ಅರ್ಥ. ಒಂದು, ಆಳು ಇನ್ನೂ ಕೆಳಗಿದ್ದಾನೆ; ಅವನನ್ನು ಹುಡುಕಿಸುವವರೆಗೆ ಬಂಡೆಗೆ ಮದ್ದು ಹಾರಿಸುವಂತಿಲ್ಲ. ಎರಡು, ಆಳು ಝಡತಿ ತಪ್ಪಿಸಿಕೊಂಡು ಹೊರಗೆ ಹೋಗಿದ್ದಾನೆ, ಅಂದರೆ ಕಳ್ಳ. ಮೂರನೆಯ ಅರ್ಥವೊಂದು ಇರಬಹುದೆಂದು ಕಂಪನಿಗೆ ಹೊಳೆದಿರಲಿಲ್ಲ. ಅದನ್ನು ಕಂಡುಹಿಡಿದ ಕೀರ್ತಿ ನನ್ನದು.

ಇನ್ನೊಂದು ಸೂತ್ರ: ಒಂದು ಸಂಖ್ಯೆಗೆ ಎರಡನೆಯ ಬಿಲ್ಲೆ ಹುಟ್ಟಬಾರದು. ಎರಡಿದ್ದರೆ ಒಂದನ್ನು ಗೆಳೆಯನ ಕೈಲಿ ಮೊಳೆಗೆ ಸೇರಿಸಿ, ಇನ್ನೊಂದರೊಡನೆ ಕೆಳಗೇ ಅಡಗಿ ಕೂತು ಕಲ್ಲು ಕೆರೆಯಬಹುದಲ್ಲ. ಆದ್ದರಿಂದ ಸಂಖ್ಯೆ ರದ್ದಾಗುವುದು ಆಳು ಸತ್ತಾಗ, ಇಲ್ಲವೇ ಅವನನ್ನು ಕೆಲಸದಿಂದ ತೆಗೆದಾಗ. ಬಿಲ್ಲೆ ಕಳೆದುಹೋಯಿತು ಎಂಬ ಮಾತಿಗೆ ನಮ್ಮ ಶಾಸ್ತ್ರದಲ್ಲಿ ಸ್ಥಳವಿಲ್ಲ.

ಈಗ ಹಡಗಿನ ವಿಷಯ. ಸಮುದ್ರವನ್ನೇ ಕಾಣದ ಈ ಸೀಮೆಗೆ ಹಡಗಿನ ವಿಷಯ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಮೊದಲ ದೊಡ್ಡ ಯುದ್ಧ ಮುಗಿದ ಮೇಲೆ, ಚಳಿಗಾಲ ಬಂತೆಂದರೆ ಲೋಕ ಸುತ್ತುವ ಹಡಗೊಂದು ಮದರಾಸಿನ ಬಂದರಿಗೆ ಬಂದು ನಿಲ್ಲುತ್ತಿತ್ತು. ಅದರೊಳಗಿದ್ದವರಿಗೆ ಸರಕಿಲ್ಲ, ಕೆಲಸವಿಲ್ಲ, ಸೇರಬೇಕಾದ ಊರೂ ಇಲ್ಲ, ನೋಡುವುದೇ ಉದ್ಯೋಗ. ಅವರಲ್ಲಿ ಮೂವತ್ತು ನಲವತ್ತು ಮಂದಿಗೆ ಚಿನ್ನ ಹುಟ್ಟುವ ಜಾಗವನ್ನು ನೋಡುವ ಆಸೆ. ಅವರನ್ನು ಹೊತ್ತ ಸ್ಪೆಷಲ್ ರೈಲು ಬಂಗಾರಪೇಟೆಗೆ ಬಂದು, ಇಂಜಿನ್ ಬದಲಿಸಿಕೊಂಡು, ನಮ್ಮ ಕವಲು ರೈಲುದಾರಿಯಲ್ಲಿ ಮಾರಿಕುಪ್ಪಂವರೆಗೆ ಬರುತ್ತಿತ್ತು. ಅವರಿಗೂ ಬಿಲ್ಲೆ ಕೊಟ್ಟು ಇಳಿಸಬೇಕು. ಅದಕ್ಕೆಂದೇ ನಲವತ್ತು ಬಿಲ್ಲೆ ಬೇರೆ ಇದ್ದವು. ಝಡತಿ ಮಾತ್ರ ಇಲ್ಲ. ಬಿಳಿಯರ ಬಾಯಿ ತೆರೆಸಿ ನೋಡುವಷ್ಟು ನಮ್ಮ ಶಾಸ್ತ್ರ ಬೆಳೆದಿರಲಿಲ್ಲ.

ಇಂಗ್ಲಿಷ್ ನಾಲ್ಕು ಮಾತು ಬರುತ್ತದೆಂಬ ಅಪರಾಧಕ್ಕೆ ಅವರನ್ನು ಸುತ್ತಿಸುವ ಶಿಕ್ಷೆ ನನಗೆ ಬಿತ್ತು. ನೋಡಲು ಬಂದದ್ದು ಚಿನ್ನವನ್ನು; ಕೆಳಗೆ ಕಾಣುತ್ತಿದ್ದದ್ದು ಕತ್ತಲೆ, ಬೆವರು ಮತ್ತು ಬೂದು ಕಲ್ಲು. ಅವರ ಮುಖ ಬಾಡುವುದನ್ನು ಕಂಡ ಗಣಿಯ ದೊಡ್ಡ ದೊರೆಗಳು, ಚಿನ್ನದ ಗೆರೆ ಕಾಣುವ ಒಂದು ಕಲ್ಲನ್ನು ನನ್ನ ವಶಕ್ಕೆ ಕೊಟ್ಟರು. ಸುರಂಗದ ತಿರುವಿನಲ್ಲಿ ಅದನ್ನು ಮೊದಲೇ ಇಟ್ಟು, ಆಗತಾನೇ ಕಂಡವನಂತೆ ಬೆರಗಾಗುವುದು ನನ್ನ ಕರ್ತವ್ಯ. ಒಂದು ವರ್ಷ ಅತಿ ಉತ್ಸಾಹದಿಂದ ಅದೇ ಕಲ್ಲನ್ನು ಎರಡು ತಿರುವಿನಲ್ಲಿ ಕಂಡು ಎರಡು ಸಲ ಬೆರಗಾದೆ. ಗುಂಪಿನಲ್ಲಿದ್ದ ಮುದುಕನೊಬ್ಬ ಬಗ್ಗಿ ನೋಡಿ, "ಪಾಪ, ನಮ್ಮ ಜೊತೆಗೇ ನಡೆದುಕೊಂಡು ಬಂದಿದೆ" ಎಂದ. ಅಂದಿನಿಂದ ನಾನು ಬೆರಗಾಗುವುದನ್ನು ಕಡಿಮೆ ಮಾಡಿದೆ. ಆ ಅಭ್ಯಾಸ ಹಾಗೇ ಉಳಿದಿದೆ.

ಈ ಯಾತ್ರೆಯಿಂದ ಹೆಚ್ಚು ಬದುಕಿದ್ದು ಗಣಿಯಲ್ಲ, ಬಂಗಾರಪೇಟೆ. ರೈಲು ನಿಲ್ಲುವ ಹೊತ್ತಿನಲ್ಲಿ ಜಟಕಾದಲ್ಲಿ ಊರು ಸುತ್ತಿಸುವವರು, ಬುಟ್ಟಿ ಹೆಣೆಯುವವರು, ಕಾಫಿ ಹೋಟೆಲಿನವರು, ಎಲ್ಲರಿಗೂ ವರ್ಷದಲ್ಲಿ ಒಂದು ಸುಗ್ಗಿ. ಜಟಕಾ ಬಾಷಾ ತನ್ನ ಕುದುರೆಗೆ ಇಂಗ್ಲಿಷ್ ಕಲಿಸಿದ್ದೇನೆಂದು ಹೇಳುತ್ತಿದ್ದ. ಕುದುರೆ ಕಲಿತಿತ್ತೋ ಇಲ್ಲವೋ, ಅವನಂತೂ ಕಲಿತಿದ್ದ.

ಆಮೇಲೆ ದೇಶದಲ್ಲಿ ಗಲಾಟೆ ಶುರುವಾಯಿತು. ಕಡಲ ದಂಡೆಯಲ್ಲಿ ಉಪ್ಪು, ಬೀದಿಯಲ್ಲಿ ಲಾಠಿ, ಜೈಲಿನಲ್ಲಿ ಜಾಗವಿಲ್ಲ. ನಮ್ಮದು ಮಹಾರಾಜರ ಸೀಮೆ. ಗಲಾಟೆಯೂ ರೈಲಿನಂತೆ ತಡವಾಗಿ ಬರುತ್ತಿತ್ತು. ಆದರೆ ಹಡಗಿನವರಿಗೆ ಈ ಸೂಕ್ಷ್ಮ ತಿಳಿಯಬೇಕಲ್ಲ. ಮದರಾಸಿನಲ್ಲಿದ್ದ ಅವರ ಏಜೆಂಟರಿಂದ ಕಾಗದ ಬರತೊಡಗಿತು: ನಿಮ್ಮ ಕಡೆ ಶಾಂತವಾಗಿದೆಯೇ? ಉತ್ತರ ಬರೆಯುವ ಭಾರ ನನಗೇ. ಹೀಗೆ ಬ್ರಿಟಿಷ್ ಸಾಮ್ರಾಜ್ಯದ ಶಾಂತಿ ಅಶಾಂತಿಗಳು ಕೆಲಕಾಲ ಬೂದಿಕೋಟೆಯ ರಾಗಿ ಬೆಳೆಯುವವನೊಬ್ಬನ ಮಗನ ಲೇಖನಿಯ ತುದಿಯಲ್ಲಿ ತೂಗಾಡಿದವು.

ನಾನು ಸತ್ಯಸಂಧನಾದೆ. "ಶಾಂತವಾಗಿದೆ. ನಿನ್ನೆ ಮಾತ್ರ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬಿಳಿ ಟೋಪಿ ಹಾಕಿದ ದೊಡ್ಡ ಗುಂಪೊಂದು ಘೋಷಣೆ ಕೂಗಿತು. ಆದರೆ ಬಹಳ ಮರ್ಯಾದೆಯಿಂದ ಕೂಗಿತು" ಎಂದು ಬರೆದೆ. ಆ ಚಳಿಗಾಲ ಹಡಗು ಕೊಲಂಬೊದಿಂದ ನೆಟ್ಟಗೆ ಮುಂದಕ್ಕೆ ಹೋಯಿತು. ಮರುವರ್ಷವೂ ಹೋಯಿತು.

ನನ್ನ ಕಾಗದದ ಸಮಾಚಾರ ಬಂಗಾರಪೇಟೆಗೆ ಹೇಗೆ ತಲುಪಿತೋ, ಒಂದು ದಿನ ಸ್ಟೇಷನ್ ಹೊರಗೆ ಬಾಷಾ ಹಿಡಿದುಕೊಂಡ.

"ರೈಟ್ರೆ, ಕಾಗ್ದ ನೀವೇ ಬರ್ದಿದ್ದಂತೆ?"

"ಹೌದಪ್ಪ. ಇದ್ದದ್ದನ್ನು ಬರೆದೆ."

"ಇದ್ದಿದ್ನೆಲ್ಲ ಬರೆಯಾಕೆ ಅದೇನು ಜಾತ್ಕಾನಾ? ನನ್ ಕುದ್ರೆ ನೋಡಿ. ಪಕ್ಕೆಲುಬು ಎಣಿಸ್ಬೋದು. ನಿಮ್ಗೆ ಎಣ್ಸೋದು ಅಭ್ಯಾಸ ಅಲ್ವಾ, ಎಣ್ಸಿ."

ಎಣಿಸಲಿಲ್ಲ. ಆದರೆ ಆ ಮೇಲೆ ಸ್ಟೇಷನ್ನಿನಲ್ಲಿ ಇಳಿದಾಗಲೆಲ್ಲ ಜಟಕಾದವರು ನನ್ನನ್ನು ಕರೆಯದೆ ಆಚೆ ನೋಡುತ್ತಿದ್ದರು. ಬಿಸಿಲಲ್ಲಿ ನಡೆದು ಹೋಗುವಾಗ, ಸತ್ಯಕ್ಕೆ ಇಷ್ಟು ದೂರ ಇದೆ ಎಂದು ತಿಳಿಯುತ್ತಿತ್ತು.

ಕೊನೆಗೆ ದೊಡ್ಡವರು ದೊಡ್ಡವರು ದಿಲ್ಲಿಯಲ್ಲಿ ಕೂತು ಕಾಗದಕ್ಕೆ ಸಹಿ ಹಾಕಿದರಂತೆ. ಜೈಲುಗಳ ಬಾಗಿಲು ತೆರೆದವು. ಮುಂದಿನ ಸುದ್ದಿಯೇ ತಂತಿ: ಹಡಗು ಮದರಾಸಿಗೆ ಬಂದಿದೆ, ಮೂವತ್ತು ಜನ, ಎಂಟು ದಿನದೊಳಗೆ. ಇದು ಪರೀಕ್ಷೆಯ ಪ್ರಯಾಣ. ಎಲ್ಲೂ ಅಹಿತವಾಗದಿದ್ದರೆ ವರ್ಷವರ್ಷವೂ ಬರುತ್ತದೆ, ಆಯಿತೆಂದರೆ ಮತ್ತೆ ಬರುವುದಿಲ್ಲ. ಬಂಗಾರಪೇಟೆಯಲ್ಲಿ ಜಟಕಾಗಳ ಗಾಲಿಗೆ ಬಣ್ಣ ಬಿತ್ತು. ನಮ್ಮ ಹೆಡ್ ಗುಮಾಸ್ತರಾದ ನಾಯ್ಡುಗಾರು ಚಿತ್ತೂರು ಕಡೆಯವರು, ತೆಲುಗು ಬೆರೆಸಿ ಕನ್ನಡ ಆಡುವವರು, ನನ್ನನ್ನು ಕರೆದು ಹೇಳಿದರು:

"ಏಮಯ್ಯಾ, ಅವರು ಕೇಳಿದ್ದು ಕೊಡು. ಅವರ ಹತ್ರ ಏನೂ ಕೇಳಬೇಡ. ಟೈಮು ಕೂಡ ಕೇಳಬೇಡ."

ಬಿಲ್ಲೆಗಳ ಪೆಟ್ಟಿಗೆ ತೆಗೆದು ನೋಡಿದೆ. ಎರಡು ವರ್ಷ ಯಾರೂ ಕೇಳದ ವಸ್ತುವಿಗೆ ಏನಾಗುತ್ತದೋ ಅದೇ ಆಗಿತ್ತು. ಒಂದು ಬಿಲ್ಲೆ ಕುರ್ಚಿಯ ಕುಂಟು ಕಾಲಿನ ಕೆಳಗಿತ್ತು. ಎರಡು ಜವಾನನ ಮನೆಯ ಮೇಕೆಗಳ ಕೊರಳಲ್ಲಿದ್ದವು. ಹುಡುಕಿ, ಬೇಡಿ, ಮೇಕೆಗಳನ್ನು ಒಪ್ಪಿಸಿ ಸೇರಿಸಿದರೂ ಹತ್ತೊಂಬತ್ತೇ ಆದವು. ಹೊಸದು ಕೊರೆಸಲು ದೊಡ್ಡ ದೊರೆಗಳ ಸಹಿ ಬೇಕು. ಸಹಿ ಬೇಕಾದರೆ ಮೇಕೆಯ ವಿಷಯ ಹೇಳಬೇಕು.

ಆಗ ನನ್ನ ಬುದ್ಧಿ ಕೆಲಸ ಮಾಡಿತು. ಗುಮಾಸ್ತನ ಬುದ್ಧಿ ಕೆಲಸ ಮಾಡಿದ ದಿನವೇ ಅನರ್ಥವಾಗುವುದು, ಗಮನವಿಡಿ. ಹಲಗೆಯ ಮೇಲೆ, ಸಂಜೆ ಪಾಳಿಯವರ ಬಿಲ್ಲೆಗಳು ಬೆಳಗಿನ ಹೊತ್ತು ಸುಮ್ಮನೆ ತೂಗುತ್ತಿದ್ದವು. ಹನ್ನೊಂದನ್ನು ತೆಗೆದು ಹಡಗಿನವರಿಗೆ ಕೊಟ್ಟು, ಮಧ್ಯಾಹ್ನದೊಳಗೆ ವಾಪಸು ಹಾಕಿದರೆ ಯಾರಿಗೆ ನಷ್ಟ? ಆ ಹನ್ನೊಂದು ಆಳುಗಳನ್ನು ಒಂದು ಮಾತು ಕೇಳಬೇಕೆಂದು ನನಗೆ ಅನಿಸಲೇ ಇಲ್ಲ.

ಬಂದವರು ಇಳಿದರು, ಬೆವರಿದರು, ಕಲ್ಲನ್ನು ಕಂಡರು. ನಾನು ಒಂದೇ ಸಲ ಬೆರಗಾದೆ. ಎಲ್ಲವೂ ನೆಟ್ಟಗಿತ್ತು. ಹತ್ತಿ ಬಂದವರಿಂದ ಬಿಲ್ಲೆಗಳನ್ನು ಬುಟ್ಟಿಯಲ್ಲಿ ಕೂಡಿಸಿ, ಅವರನ್ನು ಮಾರಿಕುಪ್ಪಂ ಸ್ಟೇಷನ್ನಿಗೆ ಕಳಿಸಿ, ಎಣಿಸಿದೆ. ಇಪ್ಪತ್ತೊಂಬತ್ತು. ಮತ್ತೆ ಎಣಿಸಿದೆ. ಕೆಳಗೆ ಸೆಕೆಗೆ ತಲೆ ಸುತ್ತಿದೆಯೆಂದ ಒಬ್ಬ ಅಜ್ಜಿಯನ್ನು ಡಾಕ್ಟರು ನೆಟ್ಟಗೆ ಮೋಟಾರಿನಲ್ಲಿ ಸ್ಟೇಷನ್ನಿಗೆ ಕರೆದೊಯ್ದದ್ದು ಆಗ ನೆನಪಾಯಿತು. ಹಲಗೆ ನೋಡಿದೆ. ಖಾಲಿ ಮೊಳೆ ನಾನೂರ ಹದಿನೇಳು. ಯಲ್ಲಪ್ಪನದು.

ಯಲ್ಲಪ್ಪ ನಮ್ಮ ಬೂದಿಕೋಟೆ ಪಕ್ಕದ ಹಳ್ಳಿಯವನು. ಬಂಡೆಗೆ ರಂಧ್ರ ಕೊರೆಯುವ ಕೆಲಸ. ಹನ್ನೆರಡು ವರ್ಷ ಇಳಿದು ಹತ್ತಿದ ಮೇಲೆ ಆ ವರ್ಷದ ಯುಗಾದಿಗೆ ಅವನಿಗೆ ತಟ್ಟಿ ಗುಡಿಸಲು ತಪ್ಪಿ ಇಟ್ಟಿಗೆ ಲೈನಿನಲ್ಲಿ ಎರಡು ಕೋಣೆಯ ಮನೆ ಸಿಕ್ಕಿತ್ತು. ಅಂಥ ಮನೆ ಕಂಪನಿ ಕೊಡುತ್ತಿದ್ದದ್ದು ಸೇವೆಯ ವರ್ಷ ನೋಡಿ. ಒಲೆಗೆ ಬೇರೆ ಕೋಣೆ ಇದೆಯೆಂದು ಅವನ ಹೆಂಡತಿ ಮುನಿಯಮ್ಮ ಬಂದವರನ್ನೆಲ್ಲ ಕರೆದು ಒಲೆ ತೋರಿಸುತ್ತಿದ್ದಳು. ನನಗೂ ತೋರಿಸಿದ್ದಳು. ಮಲಗಿದವರ ಕಣ್ಣಿಗೆ ಹೊಗೆ ಹೋಗದ ಒಲೆ ಅವಳ ಬದುಕಿನಲ್ಲಿ ಅದೇ ಮೊದಲು.

ನಾಯ್ಡುಗಾರಿಗೆ ಹೋಗಿ ನಡೆದದ್ದು ಹೇಳಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ನಾನು ಇನ್ನೂ ಅಲ್ಲೇ ಇರುವುದನ್ನು ಕಂಡು ಬೇಸರಪಟ್ಟರು.

"ಸ್ಪೆಷಲ್ ಬಿಡೋಕೆ ಇನ್ನೂ ಹತ್ತು ನಿಮಿಷ ಇದೆ. ಹತ್ತು. ಬಂಗಾರಪೇಟೆಲಿ ಮುಕ್ಕಾಲು ಗಂಟೆ ನಿಲ್ತದೆ. ತೆಗೊಂಡು ಬಾ."

"ಹೇಗೆ ಕೇಳಲಿ ಸಾರ್?"

"ಕೇಳಬಾರದು ಅಂತ ಹೇಳಿದೀನಲ್ಲ. ಕೇಳದೆ ತೆಗೊಂಡು ಬಾ."

"ಕದಿಯಲೇ?"

"ಅದನ್ನೂ ಕೇಳಬೇಡ."

ಗಾರ್ಡಿನ ಡಬ್ಬಿಯಲ್ಲಿ ನಿಂತು ಹೋದೆ. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಒಂದು ವಾಕ್ಯ ಕಟ್ಟುತ್ತಿದ್ದೆ. ಅಮ್ಮಾ, ತಮ್ಮ ಕೈಯಲ್ಲಿರುವ ಬಿಲ್ಲೆ ಒಬ್ಬ ಆಳಿನದು, ದಯವಿಟ್ಟು ಕೊಡಿ. ಎಷ್ಟು ಸಣ್ಣ ವಾಕ್ಯ. ಊರಿಗಾಂ ದಾಟುವಷ್ಟರಲ್ಲಿ ಅದಕ್ಕೆ ನಾಲ್ಕು ಕ್ಷಮಾಪಣೆ ಸೇರಿಸಿದ್ದೆ. ಬಂಗಾರಪೇಟೆ ಬರುವಷ್ಟರಲ್ಲಿ ಕ್ಷಮಾಪಣೆಗಳು ಮಾತ್ರ ಉಳಿದು ವಾಕ್ಯ ಕಾಣೆಯಾಗಿತ್ತು.

ಪ್ಲಾಟ್‌ಫಾರಂ ಮೇಲೆ ಮದುವೆ ಮನೆಯ ಸಂಭ್ರಮ. ಕಾಫಿ ಹೋಟೆಲಿನವನು ಹೊಸ ಪಿಂಗಾಣಿ ಬಟ್ಟಲು ಹಿಡಿದು ನಿಂತಿದ್ದ. ಬುಟ್ಟಿಯವರು ಸಾಲಾಗಿ ಕೂತಿದ್ದರು. ಸುತ್ತಾಟಕ್ಕೆ ಇಳಿದವರ ಬ್ಯಾಗು ಹೊತ್ತುಕೊಂಡು ಬಾಷಾ ಬೋಗಿಯ ಹತ್ತಿರ ನಿಂತಿದ್ದ. ಎರಡು ವರ್ಷದ ಮೇಲೆ ಮೊದಲ ಸಲ ನನ್ನನ್ನು ನೋಡಿ ಸಲಾಂ ಮಾಡಿದ.

ಅಜ್ಜಿ ನೆರಳಿನ ಬೆಂಚಿನಲ್ಲಿ ಕೂತಿದ್ದಳು. ಬಿಳಿ ಬಣ್ಣವೊಂದು ಬಿಟ್ಟರೆ ನಮ್ಮ ಕಡೆಯ ಯಾವ ಅಜ್ಜಿಗಿಂತಲೂ ಬೇರೆಯಲ್ಲ. ಕಾಲ ಬುಡದಲ್ಲಿ ಗಂಟು, ಕೈಯಲ್ಲಿ ಬೀಸಣಿಗೆ. ಹತ್ತಿರದಲ್ಲೇ ಹಡಗಿನ ಏಜೆಂಟು, ಚಿಕ್ಕ ವಯಸ್ಸಿನ ದೊರೆ, ಅಚ್ಚು ಹಾಕಿಸಿದ ಒಂದು ಹಾಳೆ ತುಂಬುತ್ತಿದ್ದ. ಪ್ರತಿ ಊರಿಗೂ ಒಂದು ಹಾಳೆ. ಕೊನೆಯ ಅಂಕಣದ ಹೆಸರು, ಅಹಿತಕರ ಘಟನೆ. ಆ ಅಂಕಣದಲ್ಲಿ ಏನು ಬೀಳುತ್ತದೆಂಬುದರ ಮೇಲೆ ಬಂಗಾರಪೇಟೆಯ ಮುಂದಿನ ಚಳಿಗಾಲಗಳೆಲ್ಲ ನಿಂತಿದ್ದವು.

ನಾನು ಹೋಗಿ ಕೈಮುಗಿದೆ. ಅಜ್ಜಿ ನಕ್ಕು, ಕೊರಳಿಗೆ ಕೈ ಹಾಕಿ, ಸರಪಳಿಯನ್ನು ಹೊರಗೆಳೆದಳು. ಅದರ ತುದಿಯಲ್ಲಿ ನಾನೂರ ಹದಿನೇಳು ತೂಗುತ್ತಿತ್ತು.

"ನೀವೇ ಅಲ್ಲವೇ ಇದನ್ನು ನನ್ನ ಅಂಗೈಯಲ್ಲಿಟ್ಟದ್ದು" ಎಂದು ಇಂಗ್ಲಿಷಿನಲ್ಲಿ ಹೇಳಿದಳು. "ಈ ಪ್ರಯಾಣದಲ್ಲಿ ನನಗೆ ಯಾರೂ ಮಾರದೆ ಕೊಟ್ಟದ್ದು ಇದೊಂದೇ. ಆದರೆ ಕೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇದು ನಿಜವಾಗಿಯೂ ನಾನು ಇಟ್ಟುಕೊಳ್ಳಬಹುದಾದದ್ದೇ? ಯಾರಿಗೂ ಬೇಕಿಲ್ಲವೇ?"

ಇದನ್ನು ನಿಧಾನವಾಗಿ ಓದಿ. ನಾನು ಕೇಳುವುದೇ ಬೇಕಾಗಿರಲಿಲ್ಲ. ಅವಳೇ ಕೇಳಿದಳು. ಸರಪಳಿಯ ಕೊಂಡಿಗೆ ಅವಳ ಬೆರಳು ಆಗಲೇ ಹೋಗಿತ್ತು. ಬೇಕು ಎಂದಿದ್ದರೆ ಬಿಚ್ಚಿ ಕೊಟ್ಟು, ಎರಡು ಸಲ ಕ್ಷಮೆ ಕೇಳಿ, ಒಂದು ಬಿಸ್ಕತ್ತನ್ನೂ ಕೊಡುತ್ತಿದ್ದಳು. ಅಷ್ಟರಲ್ಲಿ ಏಜೆಂಟು ತಲೆಯೆತ್ತಿ, "ಏನಾದರೂ ತೊಂದರೆಯೇ?" ಎಂದ. ಅವನ ಲೇಖನಿ ಕೊನೆಯ ಅಂಕಣದ ಮೇಲಿತ್ತು. ಬಾಷಾ ಬ್ಯಾಗು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದ. ಹೋಟೆಲಿನವನು ನೋಡುತ್ತಿದ್ದ. ಒಂದು ಸಲ ಸತ್ಯ ಬರೆದದ್ದಕ್ಕೆ ಎರಡು ವರ್ಷ ಊರು ಉಪವಾಸ ಬಿದ್ದದ್ದು ನನ್ನ ಕಣ್ಣೆದುರಿಗಿತ್ತು. ಅದೂ ಅಲ್ಲ, ನಿಜ ಹೇಳಬೇಕೆಂದರೆ, ಆಳಿನ ಬಿಲ್ಲೆಯನ್ನು ಹಡಗಿನವರಿಗೆ ಕೊಟ್ಟವನು ನಾನೇ ಎಂಬುದು ಆ ಹಾಳೆಯಲ್ಲಿ ಅಚ್ಚಾಗುವ ಭಯವೂ ಇತ್ತು. ಯಾವುದು ಎಷ್ಟು ತೂಕ ಎಂದು ಈಗಲೂ ಬೇರ್ಪಡಿಸಲಾರೆ.

"ಏನೂ ಇಲ್ಲ ಸಾರ್" ಎಂದೆ. "ಖಂಡಿತ ಇಟ್ಟುಕೊಳ್ಳಿ ಅಮ್ಮಾ, ಅದು ತಮಗೆಂದೇ ಕೊಟ್ಟದ್ದು" ಎಂದೆ.

ರೈಲು ಮದರಾಸಿನ ಕಡೆಗೆ ಹೋಯಿತು. ಅಜ್ಜಿ ಕಿಟಕಿಯಿಂದ ಕೈ ಬೀಸಿದಳು. ನಾನೂ ಬೀಸಿದೆ. ಹೀಗೆ ನಮ್ಮ ದೇಶ ಲೋಕಕ್ಕೆ ತೆರೆಯಿತು.

ವಾಪಸು ಬರುವಷ್ಟರಲ್ಲಿ ಪಾಳಿ ಬದಲಾಗುವ ಸಂಗು, ಗಣಿಯ ಸೈರನ್, ಊದಿಯಾಗಿತ್ತು. ಸಂಜೆ ಪಾಳಿಯವರೆಲ್ಲ ಇಳಿದಿದ್ದರು. ಯಲ್ಲಪ್ಪ ಒಬ್ಬನೇ ಖಾಲಿ ಮೊಳೆಯ ಮುಂದೆ ತಲೆಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದ.

"ರೈಟ್ರಣ್ಣ, ನನ್ ಬಿಲ್ಲೆ ಎಲ್ಲೋಯ್ತು? ನೆನ್ನೆ ನಿಮ್ ಕೈಗೇ ಕೊಟ್ಟಿದ್ನಲ್ಲ."

"ಕೊಟ್ಟಿದ್ದೆ. ಹಡಗಿನವರ ಜೊತೆ ಹೋಯಿತು ಯಲ್ಲಪ್ಪ. ತಪ್ಪು ನನ್ನದು."

"ಅಡಗ್ನೋರ್ ಜೊತೇನಾ?" ಅವನು ಖಾಲಿ ಮೊಳೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. "ಸಮುದ್ರ ನೋಡಾಕೆ ನಾನ್ ಓಗ್ಲಿಲ್ಲ, ನನ್ ನಂಬ್ರು ಓಯ್ತು ಅನ್ನಿ. ಸರಿ, ಇವಾಗ ಏನ್ ಮಾಡಾದು? ಇಳೀಲೋ ಬ್ಯಾಡ್ವೋ?"

ಬಂಗಾರಪೇಟೆಯಲ್ಲಿ ಏನಾಯಿತೆಂದು ನಾನು ಹೇಳಲಿಲ್ಲ. ಹಿಡಿಯಲು ಹೋಗಿದ್ದೆ, ಆಗಲಿಲ್ಲ ಎಂದಷ್ಟೇ ಹೇಳಿದೆ. ಎರಡು ಮಾತೂ ನಿಜ. ನಿಜವಾದ ಮಾತುಗಳಿಂದಲೇ ಸುಳ್ಳನ್ನು ಕಟ್ಟುವ ವಿದ್ಯೆ ನಮ್ಮ ಆಫೀಸಿನಲ್ಲಿ ಚೆನ್ನಾಗಿ ಕಲಿಸುತ್ತಾರೆ.

ಮರುದಿನ ನಾಯ್ಡುಗಾರು ಧರ್ಮಪೀಠದ ಮೇಲೆ ಕೂತರು. ನಾನು ನನ್ನ ತಪ್ಪನ್ನು ಬರೆದು ಸಹಿ ಹಾಕಿ ಮುಂದಿಟ್ಟೆ. ಅವರು ಓದಿ, ನಾಲ್ಕಾಗಿ ಮಡಿಸಿ, ತಮ್ಮ ಜೇಬಿಗೆ ಹಾಕಿಕೊಂಡರು.

"ಇದು ಮೇಲಕ್ಕೆ ಹೋದರೆ ಪ್ರಯಾಣದಲ್ಲಿ ಘಟನೆ ಆಯಿತು ಅಂತ ಆಗ್ತದೆ. ಘಟನೆ ಆಗಿಲ್ಲ ಅಂತ ನೀನೇ ಹೇಳಿ ಬಂದಿದೀಯ. ಹಡಗಿನವರ ತಂತಿ ಬಂದಿದೆ, ಬಹಳ ಸಂತೋಷ ಅಂತ. ದೊಡ್ಡ ದೊರೆಗಳು ಅದನ್ನ ಗೋಡೆಗೆ ಹಾಕಿಸ್ತಾರಂತೆ."

"ಹಾಗಾದರೆ ಯಲ್ಲಪ್ಪ?"

"ಮೊಳೆ ಖಾಲಿ ಇದೆ, ಆಳು ಮೇಲಿದಾನೆ. ಶಾಸ್ತ್ರ ಏನು ಹೇಳ್ತದೆ? ಝಡತಿ ತಪ್ಪಿಸಿದಾನೆ ಅಂತ ತೆಗೀಬೇಕು. ತೆಗಿ. ನಾನೂರ ಹದಿನೇಳು ರದ್ದು. ನಾಳೆ ಅವನನ್ನೇ ಮತ್ತೆ ಸೇರಿಸು, ಹೊಸ ಆಳು, ಹೊಸ ನಂಬರು. ತೆಗೆದ ಹೆಸರನ್ನ ಮತ್ತೆ ಸೇರಿಸೋ ಹಾಗಿಲ್ಲ, ಅದಕ್ಕೇ ಬೇರೆ ಹೆಸರು ಬರಿ. ಅವನ ಕೆಲಸ ಉಳೀತು, ನಿನ್ನ ಕೆಲಸ ಉಳೀತು. ಇನ್ನೇನು ಬೇಕು?"

"ಅವನ ಹನ್ನೆರಡು ವರ್ಷ ಸಾರ್. ಮನೆ."

"ಹೊಸ ಆಳಿಗೆ ಯಾವ ಊರಲ್ಲಿ ಇಟ್ಟಿಗೆ ಮನೆ ಕೊಡ್ತಾರಯ್ಯಾ?"

ತೆಗೆದ ಆಜ್ಞೆಯನ್ನು ಬರೆದವನು ನಾನು. ನನ್ನ ಕೈಬರಹ ಆಫೀಸಿನಲ್ಲಿ ಎಲ್ಲರಿಗಿಂತ ದುಂಡಗಿತ್ತು. ಹೊಸ ಹೆಸರು ಏನೆಂದು ಬರೆಯಲಿ ಎಂದು ಯಲ್ಲಪ್ಪನನ್ನು ಕೇಳಿದಾಗ, "ಮುನಿಸ್ವಾಮಿ ಅಂತ ಬರ್ಕಳಿ. ನಮ್ಮಪ್ಪನ ಎಸ್ರು. ಅವನೂ ಇಲ್ಲೇ ಕಲ್ಲು ಒಡ್ದು ಸತ್ತೋನು" ಎಂದ. ಆಮೇಲೆ ಕಂಪನಿ ಆಸ್ಪತ್ರೆಯಲ್ಲಿ ಗಂಡನ ಹೆಸರೇನು ಎಂದು ಕೇಳಿದರೆ ಮುನಿಯಮ್ಮನಿಗೆ ಸಂಕಟ. ಗಂಡನ ಹೆಸರೂ ಹೇಳುವ ಹಾಗಿಲ್ಲ, ಮಾವನ ಹೆಸರೂ ಹೇಳುವ ಹಾಗಿಲ್ಲ. ಈಗ ಎರಡೂ ಒಂದೇ ಆಗಿ ಕೂತಿತ್ತು.

ಮನೆ ಬಿಡುವ ದಿನ ನಾನೂ ಹೋದೆ. ಹೋಗದಿರುವುದು ಇನ್ನೂ ಕಷ್ಟವಾಗಿತ್ತು. ಸಾಮಾನು ಎರಡು ಸಲ ಹೊತ್ತರೆ ಮುಗಿಯುವಷ್ಟು. ತಟ್ಟಿ ಲೈನು ಇಳಿಜಾರಿನ ಕೆಳಗೆ, ಬಿದಿರಿನ ತಟ್ಟಿ, ಬಗ್ಗಿ ಒಳಗೆ ಹೋಗಬೇಕು. ಮುನಿಯಮ್ಮ ಇಟ್ಟಿಗೆ ಮನೆಯ ಒಲೆಯನ್ನು ಸಾರಿಸಿ, ರಂಗೋಲಿ ಎಳೆ ಹಾಕಿ, ಹೊರಗೆ ಬಂದಳು.

"ಬಿಟ್ಟು ಹೋಗುವ ಒಲೆಗೆ ಯಾಕಮ್ಮ ಇದೆಲ್ಲ?" ಎಂದೆ.

"ಬರೋಳು ನೋಡ್ಲಿ, ಎಂಥೋಳು ಇದ್ಲು ಅಂತ" ಎಂದಳು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, "ನೀವು ಇಲ್ದಿದ್ರೆ ಕೆಲ್ಸಾನೂ ಓಗ್ತಿತ್ತಂತೆ ಸಾಮಿ. ನಿಮ್ ಮಕ್ಳು ಮರಿ ಚೆಂದಾಗಿರ್ಲಿ" ಎಂದಳು.

ಬೈಗುಳವನ್ನು ನಾನು ಬೇಕಾದಷ್ಟು ತಿಂದಿದ್ದೇನೆ, ಜೀರ್ಣವಾಗಿದೆ. ಈ ಹರಕೆ ಇನ್ನೂ ಆಗಿಲ್ಲ.

ಮುಂದಿನ ಚಳಿಗಾಲ ಹಡಗು ಬಂತು. ಅದರ ಮುಂದಿನದೂ ಬಂತು. ನಡುನಡುವೆ ಜೈಲು ಮತ್ತೆ ತುಂಬಿತು, ಮತ್ತೆ ತೆರೆಯಿತು. ಏಜೆಂಟರ ಕಾಗದ ಬಂದಾಗಲೆಲ್ಲ ನಾನು ಶಾಂತವಾಗಿದೆ ಎಂದೇ ಬರೆದೆ. ಬಂಗಾರಪೇಟೆಯ ಜನಕ್ಕೆ ಎರಡು ಹೊತ್ತಿನ ಊಟಕ್ಕೆ ದಾರಿಯಾದದ್ದು ಸುಳ್ಳಲ್ಲ. ಬಾಷಾ ಎರಡನೆಯ ಕುದುರೆ ತಂದ. ಹೊಸ ಬಿಲ್ಲೆಗಳು ಬಂದವು, ಹಡಗಿನವರಿಗೆಂದು ಬೇರೆ ಆಕಾರದಲ್ಲಿ, ಮೂಲೆಯಿರುವಂಥವು. ಈಗ ಪ್ರತಿ ಬಿಲ್ಲೆಗೊಂದು ಕಾರ್ಡೂ ಇದೆ, ಕಾರ್ಡಿಗೊಂದು ಪುಸ್ತಕವೂ ಇದೆ; ನೀವು ತುಂಬುತ್ತಿರುವುದು ಅದನ್ನೇ. ಎರಡನೆಯ ಯುದ್ಧ ಬಂದ ಮೇಲೆ ಹಡಗುಗಳಿಗೆ ಬೇರೆ ಕೆಲಸ ಬಂತು, ಈ ಯಾತ್ರೆ ನಿಂತಿತು. ಯಲ್ಲಪ್ಪ ಮಾತ್ರ ದಿನವೂ ಬಂದು ನನ್ನ ಕೈಯಿಂದ ಹೊಸ ಸಂಖ್ಯೆಯ ಬಿಲ್ಲೆ ತೆಗೆದುಕೊಂಡು, "ಬತ್ತೀನಿ ರೈಟ್ರಣ್ಣ" ಎಂದು ಹೇಳಿ ಇಳಿಯುತ್ತಿದ್ದ. ಇಟ್ಟಿಗೆ ಮನೆ ಮತ್ತೆ ಸಿಗಲು ಇನ್ನೂ ಎರಡು ವರ್ಷ ಇದೆ ಎನ್ನುವಾಗ ಎದೆಯಲ್ಲಿ ಕಲ್ಲಿನ ಧೂಳು ಕೂತಿದೆಯೆಂದು ಡಾಕ್ಟರು ಅವನನ್ನು ಕೆಲಸದಿಂದ ಬಿಡಿಸಿದರು.

ನಾನು ನಿವೃತ್ತನಾದ ವಾರ ಅವನನ್ನು ಹುಡುಕಿಕೊಂಡು ಹೋದೆ. ಹಳ್ಳಿಗೆ ಮರಳಿದ್ದ. ಹುಣಸೆ ಮರದ ಕೆಳಗೆ ಚಾಪೆ ಹಾಕಿಕೊಂಡು, ಉಸಿರನ್ನು ಲೆಕ್ಕ ಮಾಡಿ ಬಳಸುತ್ತ ಕೂತಿದ್ದ. ಮುನಿಯಮ್ಮ ಮಜ್ಜಿಗೆ ತಂದು ಕೊಟ್ಟು ಒಳಗೆ ಹೋದ ಮೇಲೆ, ಬಂಗಾರಪೇಟೆಯ ಬೆಂಚಿನ ಮೇಲೆ ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಅಜ್ಜಿಯೇ ಕೇಳಿದಳು, ನಾನು ಬೇಡವೆಂದೆ ಎಂಬುದನ್ನೂ ಹೇಳಿದೆ.

ಅವನು ಮಜ್ಜಿಗೆ ಕುಡಿದು ಮುಗಿಸಿದ.

"ಗೊತ್ತು ಕಣಣ್ಣ. ಬಾಷಾ ಅವತ್ತು ಸಾಯಂಕಾಲಾನೆ ಬಂದು ಏಳ್ದ. ಅವನ್ಗೆ ಆ ಮಾತು ಅರ್ಥ ಆಯ್ತದಲ್ಲ. ನನ್ ಕುದ್ರೆಗೋಸ್ಕರ ನಿನ್ ಮನೆ ಓಯ್ತು ಅಂತ ಅತ್ತ."

ನಾನು ಮಜ್ಜಿಗೆಯ ಲೋಟವನ್ನು ಕೆಳಗಿಟ್ಟೆ.

"ಅಂದೇ ಗೊತ್ತಿತ್ತೇ? ಹಾಗಾದರೆ ಇಷ್ಟು ವರ್ಷ ನನ್ನನ್ನು ಒಂದು ಮಾತು ಯಾಕೆ ಕೇಳಲಿಲ್ಲ?"

"ಕೇಳ್ಬೋದಾಗಿತ್ತು." ಕೆಮ್ಮು ಬಂತು, ಅದು ಹೋಗುವವರೆಗೆ ಕಾದ. "ಕೇಳಿದ್ರೆ ನೀವು ಇಲ್ಲ ಅಂದ್ಬುಡ್ತಿದ್ರಿ. ಕೆಳ್ಗೆ ಬಂಡೆ ಕುಸ್ದು ನಾನ್ ಸಿಕ್ಕಾಕ್ಕೊಂಡ್ರೆ, ಮೊಳೆ ನೋಡಿ ಇವನಿನ್ನೂ ಬಂದಿಲ್ಲ ಅಂತ ಉಡುಕ್ಸೋರು ನೀವೇ ಅಲ್ವಾ? ನಿಮ್ ಬಾಯಲ್ಲಿ ಸುಳ್ಳು ಕೇಳ್ಬುಟ್ಟು, ಆಮೇಲೆ ದಿನಾ ನಿಮ್ ಕೈಯಿಂದ ಬಿಲ್ಲೆ ಈಸ್ಕೊಂಡು ಎಂಗಣ್ಣ ಇಳೀಲಿ?"